ರದ್ದಾದ ಕೇಸು, ಕೆಂಪು ಬಣ್ಣದ ರಿಪೋರ್ಟು

ಆಫರ್ ಲೆಟರ್ ಬಂದ ದಿನ ಮನೇಲಿ ಪಾಯಸ ಆಗುತ್ತೆ. ಎರಡು ಮೂರು ದಿನ ಕಳೆದರೆ ಇನ್ನೊಂದು ಇಮೇಲ್ ಬರುತ್ತೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಲಿಂಕ್. ಮಾರ್ಕ್ಸ್ ಕಾರ್ಡ್, ರಿಲೀವಿಂಗ್ ಲೆಟರ್, ಆಧಾರ್, ಹಿಂದೆ ಇದ್ದ ಬಾಡಿಗೆ ಮನೆಗಳ ವಿಳಾಸ, ಎಲ್ಲ ತುಂಬಿಸ್ತಾ ಹೋದ ಹಾಗೆ ಕೊನೇಲಿ ಒಂದು ಪ್ರಶ್ನೆ ಸುಮ್ಮನೆ ಕೂತಿರುತ್ತೆ: ನಿಮ್ಮ ಮೇಲೆ ಯಾವತ್ತಾದರೂ ಕ್ರಿಮಿನಲ್ ಕೇಸ್ ದಾಖಲಾಗಿತ್ತೇ? ಹೌದು ಅಥವಾ ಇಲ್ಲ.

ಹೆಚ್ಚಿನವರು ಪೂರ್ತಿ ಓದದೇನೇ ‘ಇಲ್ಲ’ ಒತ್ತಿ ಮುಂದೆ ಹೋಗ್ತಾರೆ. ಅವರ ಪಾಲಿಗೆ ಅದು ನಿಜವೇ. ಈ ಬರಹ ಉಳಿದವರಿಗೆ. ಅಂದರೆ ಕಾಲೇಜಿನಲ್ಲಿದ್ದಾಗ ಒಂದು ಗಲಾಟೆಯಲ್ಲಿ ಹೆಸರು ಸೇರಿಕೊಂಡವರಿಗೆ, ಅಣ್ಣನ ಸಂಸಾರದ ಜಗಳದಲ್ಲಿ ‘ಎ4’ ಆದವರಿಗೆ, ಬೈಕ್ ಅಪಘಾತಕ್ಕೆ ಎಫ್‌ಐಆರ್ ಆಗಿ ಆಮೇಲೆ ಖುಲಾಸೆ ಆದವರಿಗೆ. ಇಂಥವರು ನೀವಂದುಕೊಂಡಷ್ಟು ಕಡಿಮೆ ಇಲ್ಲ. ಒಂಬತ್ತು ವರ್ಷದಿಂದ ನಾನು ಎಚ್‌ಆರ್ ಕೆಲಸದಲ್ಲಿದ್ದೀನಿ, ಮನೆ ಇರೋದು ಕತ್ರಿಗುಪ್ಪೆಯಲ್ಲಿ, ವಾಟರ್ ಟ್ಯಾಂಕ್‌ನಿಂದ ನಡೆದುಹೋಗುವಷ್ಟು ದೂರ. ಸುತ್ತಮುತ್ತ ಪಿಜಿಗಳು, ಮೂರು ಮೂರು ಮಹಡಿಯ ಬಾಡಿಗೆ ಮನೆಗಳು. ಎರಡು ಮನೆಗೊಬ್ಬರು ಐಟಿಯವರು. ಹಾಗಾಗಿ ಆಫೀಸಿನಲ್ಲಿ ಕೇಳೋದಕ್ಕಿಂತ ಹೆಚ್ಚು ಬಿಜಿವಿ ಪ್ರಶ್ನೆಗಳನ್ನ ನಾನು ಮನೆ ಗೇಟಿನ ಹತ್ತಿರ ಕೇಳಿಸಿಕೊಂಡಿದ್ದೀನಿ. “ಅಕ್ಕಾ, ಒಂದ್ನಿಮಿಷ” ಅಂತ ಶುರುವಾಗುತ್ತೆ. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, “ಒಂದು ಹಳೇ ಕೇಸ್ ಇತ್ತು, ಈಗ ಇಲ್ಲ. ಅದೂ ಬರುತ್ತಾ?”

ಬರುತ್ತೆ. ಬೇಜಾರಾದರೂ ಉತ್ತರ ಅದೇ.

ನಮ್ಮ ಬೀದಿಯ ಒಬ್ಬ ಹುಡುಗನ ಕಥೆ ಹೇಳ್ತೀನಿ. ಹೆಸರು ಬೇಡ, ಯಾಕೆ ಬೇಡ ಅನ್ನೋದು ಮುಂದೆ ಓದಿದರೆ ಗೊತ್ತಾಗುತ್ತೆ. ಇವನು ಎಂಜಿನಿಯರಿಂಗ್ ಓದ್ತಿದ್ದಾಗ ಅಣ್ಣ-ಅತ್ತಿಗೆ ನಡುವೆ ಬಿರುಕು ಬಿಟ್ಟಿತು. ಅತ್ತಿಗೆ ಮಹಿಳಾ ಠಾಣೆಗೆ ದೂರು ಕೊಟ್ಟರು. ಸೆಕ್ಷನ್ 498ಎ, ಜತೆಗೆ ವರದಕ್ಷಿಣೆ ನಿಷೇಧ ಕಾಯ್ದೆ. ಗಂಡ, ಅತ್ತೆ, ಮಾವ, ನಾಲ್ಕನೆಯವನಾಗಿ ಮೈದುನ. ಆ ದೂರು ಸುಳ್ಳು ಅಂತ ನಾನು ಹೇಳ್ತಿಲ್ಲ, ಆ ಮನೆಯೊಳಗೆ ನಾನಿರಲಿಲ್ಲ. ಅಂಥ ದೂರು ಕೊಡೋ ಹೆಣ್ಣುಮಕ್ಕಳು ಖುಷಿಗಾಗಿ ಠಾಣೆ ಮೆಟ್ಟಿಲು ಹತ್ತೋದಿಲ್ಲ ಅನ್ನೋದೂ ನನಗೆ ಗೊತ್ತು. ಆದರೆ ಹಾಸ್ಟೆಲಿನಲ್ಲಿದ್ದು ಓದ್ತಿದ್ದ ಈ ಮೈದುನನ ಪಾತ್ರ ಅದರಲ್ಲಿ ಏನಿತ್ತು ಅಂತ ದೂರಿನಲ್ಲೂ ಹೆಚ್ಚೇನೂ ಇರಲಿಲ್ಲ. ಮನೆಯವರನ್ನ ಯಾರೂ ಬಂಧಿಸಲಿಲ್ಲ, ನೋಟಿಸ್ ಕೊಟ್ಟು ಹೇಳಿಕೆ ತಗೊಂಡರು. ಏಳು ವರ್ಷದವರೆಗಿನ ಶಿಕ್ಷೆಯ ಇಂಥ ಪ್ರಕರಣಗಳಲ್ಲಿ ಯಾಂತ್ರಿಕವಾಗಿ ಬಂಧಿಸಬೇಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತ್ತಲ್ಲ, ಅದರ ಫಲ.

ಎರಡು ವರ್ಷ ಓಡಾಡಿ, ಕೊನೆಗೆ ಮಧ್ಯಸ್ಥಿಕೆಯಲ್ಲಿ ರಾಜಿ ಆಯಿತು, ವಿಚ್ಛೇದನವೂ ಆಯಿತು. ಆದರೆ 498ಎ ಕೇಸನ್ನ ಇಬ್ಬರೂ ಒಪ್ಪಿ ಕೆಳ ಕೋರ್ಟಿನಲ್ಲೇ ಮುಗಿಸಿಬಿಡೋಕೆ ಆಗಲ್ಲ. ಅದು ರಾಜಿಗೆ ಒಳಪಡುವ ಅಪರಾಧಗಳ ಪಟ್ಟಿಯಲ್ಲಿಲ್ಲ. ಅದಕ್ಕೇ ಹೈಕೋರ್ಟಿಗೆ ಹೋಗಬೇಕು. ಹಿಂದಿನ ಸಿಆರ್‌ಪಿಸಿ ಸೆಕ್ಷನ್ 482, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 528. ಇದರಡಿ ಹೈಕೋರ್ಟ್ ಕೇಸನ್ನ ರದ್ದು ಮಾಡುತ್ತೆ. ಇವರದೂ ಹಾಗೇ ರದ್ದಾಯಿತು. ವಕೀಲರು ಫೀಸ್ ತಗೊಂಡು, ಕೈಕುಲುಕಿ, “ಮುಗೀತು, ಇನ್ನು ಮರೆತುಬಿಡಿ” ಅಂದರು. ಮನೆಯವರು ಮರೆತರು.

ಮೊದಲ ಕೆಲಸ ಕ್ಯಾಂಪಸ್‌ನಲ್ಲೇ ಸಿಕ್ಕಿತ್ತು, ಅಲ್ಲಿ ಡಿಗ್ರಿ ಬಿಟ್ಟು ಬೇರೇನೂ ನೋಡಲಿಲ್ಲ. ಮೂರು ವರ್ಷ ಆದಮೇಲೆ ಒಳ್ಳೇ ಸಂಬಳದ ಇನ್ನೊಂದು ಆಫರ್. ಫಾರ್ಮಿನಲ್ಲಿ ಆ ಪ್ರಶ್ನೆಗೆ ‘ಇಲ್ಲ’ ಅಂತ ಒತ್ತಿದ. ಹಳೇ ಕಂಪನಿಯಲ್ಲಿ ನೋಟಿಸ್ ಪೀರಿಯಡ್ ಮುಗಿಸಿ ಲ್ಯಾಪ್‌ಟಾಪ್ ವಾಪಸ್ ಕೊಟ್ಟೂ ಆಯಿತು. ಸೇರಬೇಕಾದ ದಿನಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಫೋನು. ವೆರಿಫಿಕೇಷನ್ ರಿಪೋರ್ಟ್‌ನಲ್ಲಿ ಕೆಂಪು. ಕೋರ್ಟ್ ದಾಖಲೆ: ಒಂದು ಸಿಕ್ಕಿದೆ.

ಅವನು ಹೈಕೋರ್ಟ್ ಆದೇಶದ ಪ್ರತಿ ಕಳಿಸಿದ. ಕಂಪನಿಯವರು ಅದನ್ನ ಓದಿದರು ಕೂಡ. ಆಮೇಲೆ ಹೇಳಿದ್ದು ಇದು: “ಕೇಸ್ ನಮಗೆ ಸಮಸ್ಯೆ ಅಲ್ಲ. ನೀವು ಇಲ್ಲ ಅಂತ ಬರೆದಿದ್ದು ಸಮಸ್ಯೆ.” ಆಫರ್ ವಾಪಸ್ ಹೋಯಿತು. ಅವರಮ್ಮ ನನ್ನ ಹತ್ತಿರ ಬಂದು, “ನೋಡಮ್ಮಾ, ಹೈಕೋರ್ಟೇ ಏನೂ ಇಲ್ಲ ಅಂದಮೇಲೆ ಇವನು ಇದೆ ಅಂತ ಹೇಗೆ ಬರೀಬೇಕಿತ್ತು?” ಅಂತ ಕೇಳಿದರು. ನಾನು ಈ ವಿಷಯದಲ್ಲಿ ಕೇಳಿದ ಪ್ರಶ್ನೆಗಳಲ್ಲೆಲ್ಲ ಇದೇ ನೆಟ್ಟಗಿರೋದು.

ಅಳಿಸಿದ್ದು ಮತ್ತು ಮುಗಿಸಿದ್ದು

ಅಮೆರಿಕದ ಸಿನಿಮಾ, ಸೀರಿಯಲ್ ನೋಡಿ ನಮ್ಮ ತಲೇಲಿ ಒಂದು ಕಲ್ಪನೆ ಕೂತಿದೆ: ಕೋರ್ಟ್ ದಾಖಲೆಯನ್ನ ಅಳಿಸಿಹಾಕುತ್ತೆ ಅಂತ. ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ಅಂಥ ವ್ಯವಸ್ಥೆ ನಿಜವಾಗಲೂ ಇದೆ. ಪೆನ್ಸಿಲ್ವೇನಿಯಾ 2018ರಲ್ಲಿ ‘ಕ್ಲೀನ್ ಸ್ಲೇಟ್’ ಕಾನೂನು ತಂದು, ಅರ್ಜಿ ಹಾಕದೇನೇ ಎಷ್ಟೋ ದಾಖಲೆಗಳು ತಾವಾಗಿ ಮುಚ್ಚಿಹೋಗೋ ಹಾಗೆ ಮಾಡಿತು. ಬ್ರಿಟನ್‌ನಲ್ಲಿ 1974ರಿಂದ ಇರೋ ಕಾನೂನಿನ ಪ್ರಕಾರ, ನಿಗದಿತ ವರ್ಷ ಕಳೆದಮೇಲೆ ಹಲವು ಶಿಕ್ಷೆಗಳು ‘ಸವೆದುಹೋದವು’ ಅಂತ ಲೆಕ್ಕ. ಬಹುತೇಕ ಕೆಲಸಗಳಿಗೆ ಅದನ್ನ ಹೇಳಬೇಕಾಗಿಲ್ಲ. ಶಿಕ್ಷೆಯಾದವರಿಗೇ ಅಷ್ಟು ಅವಕಾಶ.

ನಮ್ಮಲ್ಲಿ ವಯಸ್ಕರಿಗೆ ಅಂಥ ಒಂದು ಸಾಮಾನ್ಯ ಕಾನೂನು ಇಲ್ಲ. ನಮ್ಮ ಕೋರ್ಟು ಕೇಸನ್ನ ಮುಗಿಸುತ್ತೆ, ಅಳಿಸೋದಿಲ್ಲ. ರದ್ದಾದರೂ, ಖುಲಾಸೆಯಾದರೂ, ಪೊಲೀಸರು ಬಿ ರಿಪೋರ್ಟ್ ಹಾಕಿ ಮುಗಿಸಿದರೂ, ಠಾಣೆಯ ಪುಸ್ತಕದಲ್ಲಿ ಎಫ್‌ಐಆರ್ ನಂಬರ್ ಇದ್ದೇ ಇರುತ್ತೆ, ಕಂಪ್ಯೂಟರಿನಲ್ಲೂ ಇರುತ್ತೆ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ‘ಇತ್ಯರ್ಥವಾಗಿದೆ’ ಅಂತ ಬದಲಾಗುತ್ತೆ ಅಷ್ಟೇ, ನಿಮ್ಮ ಹೆಸರು ಮಾಯ ಆಗೋದಿಲ್ಲ. ರದ್ದು ಮಾಡಿದ ಹೈಕೋರ್ಟ್ ಆದೇಶದಲ್ಲೂ ನಿಮ್ಮ ಹೆಸರೇ ಮೊದಲ ಸಾಲು! ಕೇಸ್ ತೆಗೆಸೋಕೆ ಹೋದದ್ದಕ್ಕೆ ಇನ್ನೊಂದು ದಾಖಲೆ ಹುಟ್ಟಿಕೊಂಡ ಹಾಗೆ.

ನಿಜವಾಗಿ ಅಳಿಸುವ ಕಾನೂನು ಮಕ್ಕಳ ವಿಷಯದಲ್ಲಿದೆ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 24, ಹದಿನೆಂಟು ತುಂಬದವರು ಮಾಡಿದ ತಪ್ಪು ಮುಂದೆ ಅವರ ಉದ್ಯೋಗಕ್ಕೆ ಅನರ್ಹತೆ ಆಗಬಾರದು, ಮೇಲ್ಮನವಿ ಅವಧಿ ಮುಗಿದಮೇಲೆ ದಾಖಲೆ ನಾಶ ಮಾಡಬೇಕು ಅನ್ನುತ್ತೆ. ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರಾದ 16 ದಾಟಿದವರಿಗೆ ಮಾತ್ರ ಈ ಸೌಲಭ್ಯ ಇಲ್ಲ. ಪಿಯುಸಿಯಲ್ಲಿದ್ದಾಗ ಆದ ಹೊಡೆದಾಟಕ್ಕೆ ಇಪ್ಪತ್ತೇಳನೇ ವಯಸ್ಸಿನಲ್ಲಿ ಹೆದರುತ್ತಿರೋರು ಮೊದಲು ಆವತ್ತಿನ ತಮ್ಮ ವಯಸ್ಸು ಲೆಕ್ಕ ಹಾಕಿ. ವಯಸ್ಕರಿಗೆ ಸಣ್ಣ ಕಿಂಡಿಯೊಂದು ಅಂದರೆ 1958ರ ಪ್ರೊಬೇಷನ್ ಕಾಯ್ದೆ. ಅದರಡಿ ಬಿಡುಗಡೆಯಾದವರಿಗೆ ಶಿಕ್ಷೆಯ ಜತೆ ಬರುವ ಅನರ್ಹತೆ ಅಂಟೋದಿಲ್ಲ. ಆದರೆ ದಾಖಲೆ ಅಲ್ಲೂ ಉಳಿಯುತ್ತೆ.

ಇಷ್ಟು ಹೇಳಿದ ಮೇಲೆ ನಾನು ಯಾವಾಗಲೂ ಹೇಳೋ ಒಂದು ವಿಷಯ ಇದೆ, ಕೇಳಿದವರ ಮುಖ ಬಿಳಿಚಿಕೊಳ್ಳುತ್ತೆ. ‘ಫೈನ್ ಕಟ್ಟಿ ಬಂದೆ’ ಅನ್ನೋದು. ಸಿಗ್ನಲ್ ಜಂಪ್‌ಗೆ ಆ್ಯಪ್‌ನಲ್ಲಿ ಕಟ್ಟೋ ದಂಡದ ಮಾತಲ್ಲ ಇದು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 185. ಕೋರ್ಟಿಗೆ ಹೋಗಿ, ತಪ್ಪು ಒಪ್ಪಿಕೊಂಡು, 10,000 ರೂಪಾಯಿ ಕಟ್ಟಿ ಬರ್ತಾರೆ. ಅಜಾಗರೂಕ ಚಾಲನೆಯ ಹಿಂದಿನ ಐಪಿಸಿ ಸೆಕ್ಷನ್ 279ರಲ್ಲೂ ಹಾಗೇ, ‘ಯಾರು ಅಲೆದಾಡ್ತಾರೆ’ ಅಂತ ತಪ್ಪೊಪ್ಪಿಕೊಂಡು ದಂಡ ಕಟ್ಟೋರಿದ್ದಾರೆ. ಅದು ಕಾನೂನಿನ ಕಣ್ಣಲ್ಲಿ ಅಪರಾಧಿ ಅಂತ ಆದ ತೀರ್ಮಾನ. ಹೈಕೋರ್ಟಿನಲ್ಲಿ ಹೋರಾಡಿ ರದ್ದು ಮಾಡಿಸಿಕೊಂಡ ನಮ್ಮ ಬೀದಿ ಹುಡುಗನಿಗೆ ಶಿಕ್ಷೆಯ ದಾಖಲೆ ಇಲ್ಲ. ಹೊಸ ವರ್ಷದ ರಾತ್ರಿ ಕುಡಿದು ಸಿಕ್ಕಿಬಿದ್ದು ನಗ್ತಾ ದಂಡ ಕಟ್ಟಿ ಬಂದವನಿಗೆ ಇದೆ. ‘ನಿಮಗೆ ಶಿಕ್ಷೆಯಾಗಿದೆಯೇ’ ಅಂತ ಫಾರ್ಮ್ ಕೇಳಿದರೆ ಹೆದರಬೇಕಾದವನು ಎರಡನೆಯವನು.

ಯಾರು ಹುಡುಕ್ತಾರೆ, ಎಲ್ಲಿ ಹುಡುಕ್ತಾರೆ

ಬಿಜಿವಿ ಕಂಪನಿಯವರು ಠಾಣೆಗೆ ಹೋಗಿ ಗುಟ್ಟು ತೆಗೀತಾರೆ ಅಂತ ಅನೇಕರು ಅಂದುಕೊಂಡಿದ್ದಾರೆ. ಬಹುಪಾಲು ಕೆಲಸ ಕುರ್ಚಿ ಬಿಟ್ಟು ಏಳದೇನೇ ಆಗುತ್ತೆ. ಇ-ಕೋರ್ಟ್ಸ್‌ನಲ್ಲಿ ಜಿಲ್ಲೆ, ಕೋರ್ಟು, ಕಕ್ಷಿದಾರರ ಹೆಸರು, ವರ್ಷ ಹಾಕಿದರೆ ಯಾರು ಬೇಕಾದರೂ ಹುಡುಕಬಹುದು. ಸೂಕ್ಷ್ಮವಲ್ಲದ ಎಫ್‌ಐಆರ್‌ಗಳನ್ನ ದಾಖಲಾದ 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಿ ಅಂತ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ಆದೇಶ ಮಾಡಿತು. ಆರೋಪಿಗೆ ತನ್ನ ಮೇಲೆ ಏನು ದೂರಿದೆ ಅಂತ ತಿಳಿಯಲಿ ಅನ್ನೋ ಒಳ್ಳೇ ಉದ್ದೇಶ. ಅದನ್ನ ಓದೋದು ಆರೋಪಿ ಒಬ್ಬನೇ ಅಲ್ಲ ಅನ್ನೋದು ಬೇರೆ ಮಾತು. ಇನ್ನು ಕೋರ್ಟ್ ದಾಖಲೆಗಳನ್ನ ದೊಡ್ಡ ಪ್ರಮಾಣದಲ್ಲಿ ಇಳಿಸಿಕೊಂಡು ತಮ್ಮದೇ ಡೇಟಾಬೇಸ್ ಮಾಡಿಕೊಂಡವರಿದ್ದಾರೆ. ತೊಂದರೆ ಶುರುವಾಗೋದು ಅಲ್ಲೇ. ಕೇಸ್ ನಡೆಯುತ್ತಿದ್ದಾಗ ಇಳಿಸಿಕೊಂಡ ಪ್ರತಿಯಲ್ಲಿ ‘ಬಾಕಿ’ ಅಂತಿರುತ್ತೆ. ಆಮೇಲೆ ರದ್ದಾದದ್ದು ಅವರ ಪ್ರತಿಗೆ ಬಂದು ಸೇರಿದೆಯೋ ಇಲ್ಲವೋ, ಅದು ನಿಮ್ಮ ಅದೃಷ್ಟ.

ಇದಕ್ಕಿಂತ ದೊಡ್ಡ ತಮಾಷೆ ಹೆಸರಿನದು. ಕೋರ್ಟ್ ದಾಖಲೆಯಲ್ಲಿ ಹುಡುಕಾಟಕ್ಕೆ ಸಿಗೋದು ಹೆಸರು, ಹೆಚ್ಚೆಂದರೆ ತಂದೆಯ ಹೆಸರು ಮತ್ತು ವಿಳಾಸ. ಹುಟ್ಟಿದ ದಿನಾಂಕ ಇರೋದಿಲ್ಲ, ಆಧಾರ್ ಇರೋದಿಲ್ಲ. ಬನಶಂಕರಿ ಮೂರನೇ ಹಂತದಲ್ಲಿ ಮಂಜುನಾಥರು ಎಷ್ಟು ಜನ ಇರಬಹುದು, ಹೇಳಿ? ಅವರಲ್ಲಿ ಎಷ್ಟು ಜನರ ಅಪ್ಪನ ಹೆಸರು ಕೃಷ್ಣಪ್ಪ? ನಮ್ಮಲ್ಲಿ ಸರ್‌ನೇಮ್ ಅನ್ನೋದೂ ಇಲ್ಲ. ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ. ಪಾಸ್‌ಪೋರ್ಟಿಗೆ ಅಂತ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಸೇರಿಸಿದ ಮೇಲೆ ಮೂರನೇ ರೂಪ. ಶ್ರೀನಿವಾಸನನ್ನ ಇಂಗ್ಲಿಷಿನಲ್ಲಿ ನಾಲ್ಕು ಥರ ಬರೀತಾರೆ. ಸಾಫ್ಟ್‌ವೇರ್ ಇದನ್ನೆಲ್ಲ ಹೊಂದಿಸಿ ‘ಹೋಲಿಕೆ ಇದೆ’ ಅನ್ನುತ್ತೆ. ರಿಪೋರ್ಟಿನಲ್ಲಿ ಅದು ಹಳದಿಯೋ ಕೆಂಪೋ ಆಗುತ್ತೆ. ಜೀವಮಾನದಲ್ಲಿ ಠಾಣೆ ಮುಖ ನೋಡದವರಿಗೂ ಕೆಂಪು ಬಂದದ್ದನ್ನ ನಾನೇ ನೋಡಿದ್ದೀನಿ. ಅಪ್ಪನ ಹೆಸರು, ವಿಳಾಸ ತಾಳೆ ನೋಡಿದ ಮೇಲೆ ಸರಿಹೋಯಿತು, ಆದರೆ ಆ ಹತ್ತು ದಿನ ಆ ಹುಡುಗಿ ಸರಿಯಾಗಿ ಊಟ ಮಾಡಿರಲಿಲ್ಲ.

ಎಚ್‌ಆರ್ ಕಡೆಯ ಮಾತನ್ನೂ ಹೇಳಿಬಿಡ್ತೀನಿ. ದಿನಕ್ಕೆ ರಾಶಿ ರಿಪೋರ್ಟ್ ನೋಡೋ ಹುಡುಗ ಹುಡುಗಿಯರಿಗೆ ‘ರದ್ದು’, ‘ಖುಲಾಸೆ’, ‘ಡಿಸ್ಚಾರ್ಜ್’, ‘ರಾಜಿ’ ಇವುಗಳ ವ್ಯತ್ಯಾಸ ಯಾರೂ ಹೇಳಿಕೊಟ್ಟಿರೋದಿಲ್ಲ. ಬಣ್ಣ ನೋಡ್ತಾರೆ, ಮೇಲಿನವರಿಗೆ ಕಳಿಸ್ತಾರೆ. ಮೇಲಿನವರು ‘ರಿಸ್ಕ್ ಯಾಕೆ’ ಅಂತಾರೆ. ಇದರಲ್ಲಿ ದ್ವೇಷ ಏನೂ ಇಲ್ಲ, ಸೋಮಾರಿತನ ಇದೆ. ಹಾಗಂತ ಎಲ್ಲ ಖುಲಾಸೆಯೂ ಒಂದೇ ಅಂತ ನಾನೂ ಒಪ್ಪೋದಿಲ್ಲ. ಸಾಕ್ಷಿಗಳು ಉಲ್ಟಾ ಹೊಡೆದು ‘ಸಂಶಯದ ಲಾಭ’ದಲ್ಲಿ ಹೊರಬಂದವರಿರ್ತಾರೆ. ಶಾಲೆ ವ್ಯಾನಿನ ಡ್ರೈವರ್, ರಾತ್ರಿ ಪಾಳಿಯ ಕ್ಯಾಬ್ ಡ್ರೈವರ್ ಬಗ್ಗೆ ನನಗೆ ಆ ವ್ಯತ್ಯಾಸ ಗೊತ್ತಾಗಬೇಕು, ಒಬ್ಬ ಹೆಣ್ಣಾಗಿ ಅದನ್ನ ಬಿಟ್ಟುಕೊಡೋದಿಲ್ಲ. ಆದರೆ ಅದನ್ನ ತಿಳಿಯೋ ದಾರಿ ಆದೇಶದ ಪ್ರತಿ ತೆಗೆದು ಓದೋದು, ಬಣ್ಣ ನೋಡೋದಲ್ಲ.

ನಮ್ಮೂರಿನ ಕೋರ್ಟು ಹೇಳಿದ್ದು

ಹೆಸರು ಮರೆಸಿ ಅಂತ ಕೋರ್ಟಿಗೆ ಹೋದವರಿದ್ದಾರೆ, ಅದರಲ್ಲಿ ಮೊದಲಿಗೆ ಸದ್ದು ಮಾಡಿದ್ದು ಇದೇ ಬೆಂಗಳೂರಿನ ಪ್ರಕರಣ. ಒಬ್ಬ ತಂದೆ ಕರ್ನಾಟಕ ಹೈಕೋರ್ಟಿಗೆ ಬಂದರು. ಮಗಳು ಒಬ್ಬನ ಮೇಲೆ ಕೊಟ್ಟಿದ್ದ ಕ್ರಿಮಿನಲ್ ದೂರು ರಾಜಿಯಾಗಿ ರದ್ದಾಗಿತ್ತು. ಆದರೆ ಮಗಳ ಹೆಸರನ್ನ ಇಂಟರ್ನೆಟ್‌ನಲ್ಲಿ ಹುಡುಕಿದರೆ ಆ ಆದೇಶ ಬರುತ್ತೆ, ಅವಳ ಸಂಸಾರಕ್ಕೂ ಮರ್ಯಾದೆಗೂ ತೊಂದರೆ ಅನ್ನೋದು ಅವರ ಅಳಲು. 2017ರ ಜನವರಿ 23ರಂದು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು ಅರ್ಜಿ ಒಪ್ಪಿದರು. ಇಂಟರ್ನೆಟ್ ಹುಡುಕಾಟದಲ್ಲಿ ಆ ಹೆಸರು ಕಾಣಿಸದ ಹಾಗೆ ರಿಜಿಸ್ಟ್ರಿ ನೋಡಿಕೊಳ್ಳಬೇಕು, ಆದರೆ ಯಾರಾದರೂ ಆದೇಶದ ದೃಢೀಕೃತ ಪ್ರತಿ ಕೇಳಿದರೆ ಅದರಲ್ಲಿ ಹೆಸರು ಇರುತ್ತೆ ಅಂದರು. ಸೂಕ್ಷ್ಮ ಪ್ರಕರಣಗಳ ಹೆಣ್ಣುಮಕ್ಕಳ ಮಾನ ಅವರ ಮನಸ್ಸಿನಲ್ಲಿತ್ತು. ನನಗಂತೂ ಈ ಎರಡು ಬಾಗಿಲಿನ ಉಪಾಯ ಬಹಳ ಜಾಣತನದ್ದು ಅನಿಸುತ್ತೆ. ಬೇಕಾದವರು ಕಾರಣ ಹೇಳಿ, ಅರ್ಜಿ ಹಾಕಿ ನೋಡಲಿ. ಬೇಡದವರ ಮೊಬೈಲಿಗೆ ಅದು ತಾನಾಗಿ ಬಂದು ಬೀಳೋದು ಬೇಡ.

ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆ ಕೇಸ್ ಹಾಕಿದ್ದವರು ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಎಂಬತ್ತು ದಾಟಿದ ಮೇಲೆ ಆಧಾರ್ ವಿರುದ್ಧ ಅರ್ಜಿ ಹಾಕಿದ ಹಿರಿಯರು, 2024ರಲ್ಲಿ ತೀರಿಕೊಂಡರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ‘ಮರೆಸಿಕೊಳ್ಳುವ ಹಕ್ಕಿನ’ ಬಗ್ಗೆ ಬೇರೆಯಾಗೇ ಬರೆದರು. ಮನುಷ್ಯರು ಬದಲಾಗ್ತಾರೆ, ಇಂಟರ್ನೆಟ್ ಅವರನ್ನ ಬದಲಾಗೋಕೆ ಬಿಡೋದಿಲ್ಲ ಅನ್ನೋ ಅರ್ಥದ ಮಾತು.

ಕೆಲಸಕ್ಕೆ ನೇರ ಸಂಬಂಧಪಟ್ಟದ್ದು ದೆಹಲಿಯ ಪ್ರಕರಣ. ಭಾರತೀಯ ಮೂಲದ ಅಮೆರಿಕನ್ ಒಬ್ಬರ ಮೇಲೆ 2009ರಲ್ಲಿ ಇಲ್ಲಿ ಮಾದಕವಸ್ತು ಕೇಸ್ ಆಗಿತ್ತು. 2011ರಲ್ಲಿ ಖುಲಾಸೆ, 2013ರಲ್ಲಿ ಹೈಕೋರ್ಟ್ ಕೂಡ ಅದನ್ನ ಎತ್ತಿಹಿಡಿಯಿತು. ಅಮೆರಿಕಕ್ಕೆ ಹೋಗಿ ಕಾನೂನು ಓದಿದರು, ಒಳ್ಳೇ ಅಂಕ ಬಂತು, ಕೆಲಸ ಮಾತ್ರ ಸಿಗಲಿಲ್ಲ. ಹೆಸರು ಹಾಕಿದ ಕೂಡಲೇ ಆ ತೀರ್ಪು ಬರ್ತಿತ್ತು, ಖುಲಾಸೆ ಅನ್ನೋದನ್ನ ಓದೋ ಹೊತ್ತಿಗೆ ಕಂಪನಿಯವರು ಪುಟ ಮುಚ್ಚಿರ್ತಿದ್ದರು. 2021ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಆ ತೀರ್ಪು ಗೂಗಲ್ ಹುಡುಕಾಟದಲ್ಲಿ ಬಾರದ ಹಾಗೆ ಮಾಡಿ ಅಂತ ಮಧ್ಯಂತರ ಆದೇಶ ಕೊಟ್ಟರು. ಅವರ ಹೆಸರೂ ಕೇಸಿನ ಹೆಸರೂ ನನಗೆ ಗೊತ್ತು, ಇಲ್ಲಿ ಬರೆಯೋದಿಲ್ಲ. ಮರೆಸಿಕೊಳ್ಳೋಕೆ ಅಂತಲೇ ಕೋರ್ಟಿಗೆ ಹೋದವರ ಹೆಸರು ಕಾನೂನು ಪುಸ್ತಕಗಳಲ್ಲಿ ಅಜರಾಮರ ಆಗಿರೋದೇ ಸಾಕು.

ಇಷ್ಟೆಲ್ಲ ಓದಿ ನೆಮ್ಮದಿಯಾಗಬೇಡಿ. 2024ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟ್ ಖುಲಾಸೆಯಾದ ಒಬ್ಬರ ಹೆಸರು ತೆಗೆಯಿರಿ ಅಂದಾಗ, ತೀರ್ಪುಗಳ ಹುಡುಕಾಟ ತಾಣ ಇಂಡಿಯನ್ ಕಾನೂನ್ ಸುಪ್ರೀಂ ಕೋರ್ಟಿಗೆ ಹೋಯಿತು. ಜುಲೈನಲ್ಲಿ ಆ ಆದೇಶಕ್ಕೆ ತಡೆ ಸಿಕ್ಕಿತು. ತೀರ್ಪು ಅನ್ನೋದು ಸಾರ್ವಜನಿಕ ದಾಖಲೆ, ಖುಲಾಸೆಯಾದವರೆಲ್ಲ ತೆಗೆಸ್ತಾ ಹೋದರೆ ಪರಿಣಾಮ ಏನು ಅನ್ನೋದು ಅಲ್ಲಿ ಎದ್ದ ಪ್ರಶ್ನೆ. ಅದೂ ತೂಕದ ಮಾತೇ. ವಕೀಲರು, ಪತ್ರಕರ್ತರು, ಕೇಸ್ ಓದಿ ಕಲಿಯೋ ವಿದ್ಯಾರ್ಥಿಗಳು ಎಲ್ಲರೂ ಆ ದಾಖಲೆ ಮೇಲೆ ನಿಂತಿದ್ದಾರೆ. ಹೆಸರು ಮುಚ್ಚಿ ತೀರ್ಪು ಇಟ್ಟುಕೊಳ್ಳೋಕೆ ಆಗಲ್ವಾ ಅಂತ ನನ್ನಂಥವಳಿಗೆ ಅನಿಸುತ್ತೆ.

ಹಾಗಾದರೆ ಫಾರ್ಮಿನಲ್ಲಿ ಏನು ಬರೆಯೋದು?

ಪ್ರಶ್ನೆಯನ್ನ ಅಕ್ಷರ ಅಕ್ಷರ ಓದಿ. ‘ಶಿಕ್ಷೆಯಾಗಿದೆಯೇ’ ಅನ್ನೋದು ಒಂದು. ‘ಕೇಸ್ ಬಾಕಿ ಇದೆಯೇ’ ಅನ್ನೋದು ಇನ್ನೊಂದು. ‘ಯಾವತ್ತಾದರೂ ಕೇಸ್ ದಾಖಲಾಗಿತ್ತೇ, ಬಂಧನವಾಗಿತ್ತೇ’ ಅನ್ನೋದು ಮೂರನೇದು. ರದ್ದಾದ ಕೇಸಿನವರು ಮೊದಲ ಎರಡಕ್ಕೆ ಧೈರ್ಯವಾಗಿ ‘ಇಲ್ಲ’ ಅನ್ನಬಹುದು, ಅದು ಸತ್ಯ. ಮೂರನೇದಕ್ಕೆ ‘ಹೌದು’ ಅನ್ನಬೇಕು, ಪಕ್ಕದಲ್ಲಿ ‘ಹೈಕೋರ್ಟ್ ರದ್ದು ಮಾಡಿದೆ’ ಅಂತ ಆದೇಶದ ದಿನಾಂಕ ಸಮೇತ ಬರೀಬೇಕು. ಅವರಮ್ಮ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ: ಹೈಕೋರ್ಟ್ ‘ಇನ್ನು ಮುಂದೆ ಕೇಸ್ ಇಲ್ಲ’ ಅಂದಿದೆ, ‘ಇರಲೇ ಇಲ್ಲ ಅಂತ ಬರೆಯಿರಿ’ ಅಂದಿಲ್ಲ.

ಸರ್ಕಾರಿ ಕೆಲಸದವರಿಗೆ ಇಲ್ಲಿ ಒಂದು ಆಸರೆ ಇದೆ. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು 2016ರ ಜುಲೈ 21ರಂದು ದಾರಿ ಹಾಕಿಕೊಟ್ಟರು. ಅಭ್ಯರ್ಥಿ ಕೊಡೋ ಮಾಹಿತಿ ಸತ್ಯವಾಗಿರಬೇಕು. ಮುಚ್ಚಿಟ್ಟರೆ ಕೆಲಸ ಹೋಗಬಹುದು. ಆದರೆ ಕ್ಷುಲ್ಲಕ ಕೇಸಾದರೆ ಮುಚ್ಚಿಟ್ಟದ್ದನ್ನ ಮನ್ನಿಸುವ ವಿವೇಚನೆ ಅಧಿಕಾರಿಗಳಿಗಿದೆ. ಫಾರ್ಮಿನ ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದೇ ಇರೋದನ್ನ ಹೇಳಲಿಲ್ಲ ಅಂತ ದೂರೋ ಹಾಗಿಲ್ಲ. ಅದಕ್ಕೂ ಮುಂಚೆ 2011ರಲ್ಲಿ, ದೆಹಲಿ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಿ ಹಳೇ ಹೊಡೆದಾಟದ ಕೇಸ್ ಬರೆಯದೇ ಇದ್ದ ಯುವಕನ ಪರವಾಗಿ ನ್ಯಾಯಮೂರ್ತಿ ಮಾರ್ಕಂಡೇಯ ಕಟ್ಜು ಅವರ ಪೀಠ ತೀರ್ಪು ಕೊಟ್ಟಿತ್ತು. ಹರೆಯದಲ್ಲಿ ಹುಡುಗರು ತಪ್ಪು ಮಾಡ್ತಾರೆ, ಜೀವನಪೂರ್ತಿ ಅಪರಾಧಿ ಅಂತ ಹಣೆಪಟ್ಟಿ ಹಚ್ಚಬಾರದು ಅನ್ನೋ ಧಾಟಿ. ರೊಟ್ಟಿ ಕದ್ದು ಬದುಕೆಲ್ಲ ಕಳ್ಳ ಅನಿಸಿಕೊಂಡ ವಿಕ್ಟರ್ ಹ್ಯೂಗೋನ ಜೀನ್ ವಾಲ್‌ಜೀನ್‌ನನ್ನೂ ಕಟ್ಜು ನೆನೆದಿದ್ದರು.

ಖಾಸಗಿ ಕಂಪನಿಗಳ ಮೇಲೆ ಇವು ನೇರವಾಗಿ ಕಟ್ಟುನಿಟ್ಟಲ್ಲ. ನೀವು ಸಹಿ ಹಾಕಿದ ಆಫರ್ ಲೆಟರ್ ಏನು ಹೇಳುತ್ತೋ ಅದೇ. ಇಲ್ಲಿ ನನಗೆ ಸಿಟ್ಟು ತರಿಸೋ ಒಂದು ವಿಷಯ ಇದೆ. ಅಮೆರಿಕದ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆ ಪ್ರಕಾರ, ಇಂಥ ರಿಪೋರ್ಟ್ ನೋಡಿ ಕೆಲಸ ನಿರಾಕರಿಸೋ ಮುಂಚೆ ಕಂಪನಿ ಆ ರಿಪೋರ್ಟಿನ ಪ್ರತಿಯನ್ನ ಅಭ್ಯರ್ಥಿಗೆ ಕೊಡಬೇಕು. ತಪ್ಪಿದ್ದರೆ ಆತ ತೋರಿಸಬಹುದು. ಅದೇ ಅಮೆರಿಕನ್ ಕಂಪನಿಯ ಬೆಂಗಳೂರು ಕಚೇರಿಗೆ ಅರ್ಜಿ ಹಾಕಿದ ನಮ್ಮ ಹುಡುಗರಿಗೆ ಆ ಹಕ್ಕಿಲ್ಲ. ‘ವೆರಿಫಿಕೇಷನ್ ಕ್ಲಿಯರ್ ಆಗಿಲ್ಲ’ ಅನ್ನೋ ಒಂದು ಸಾಲಿನ ಇಮೇಲ್ ಬಂದರೆ ಪುಣ್ಯ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಸ್ವಲ್ಪ ಭರವಸೆ ಕೊಡುತ್ತೆ. ನಿಮ್ಮ ಮಾಹಿತಿ ಇಟ್ಟುಕೊಂಡವರಿಗೆ ತಪ್ಪಿದ್ದರೆ ತಿದ್ದಿ, ಹಳತಾಗಿದ್ದರೆ ಹೊಸದು ಮಾಡಿ ಅಂತ ಕೇಳುವ ಹಕ್ಕು ಅದರಲ್ಲಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಳು ಜಾರಿಯಾಗೋಕೆ 18 ತಿಂಗಳ ಗಡುವು. ಆದರೆ ಕಾನೂನಿನ ಪ್ರಕಾರವೇ ಸಾರ್ವಜನಿಕವಾದ ಮಾಹಿತಿಯನ್ನ ಕಾಯ್ದೆ ಹೊರಗಿಟ್ಟಿದೆ, ಹಾಗಾಗಿ ಕೋರ್ಟ್ ದಾಖಲೆ ವಿಷಯದಲ್ಲಿ ಇದು ಎಷ್ಟು ದೂರ ಬರುತ್ತೆ ಅನ್ನೋದು ವಕೀಲರ ವಾದಕ್ಕೆ ಬಿಟ್ಟದ್ದು. ವೀಸಾಗೆ ಹೋಗೋರಿಗೆ ಒಂದು ಮಾತು: ಅಮೆರಿಕದ ಡಿಎಸ್-160 ಫಾರ್ಮ್ ಬಂಧನವನ್ನೂ ಕೇಳುತ್ತೆ, ಕ್ಷಮೆ ಸಿಕ್ಕಿದ್ದರೂ ಹೇಳಿ ಅನ್ನುತ್ತೆ. ಅಲ್ಲಿ ಜಾಣತನ ಬೇಡ.

ನಮ್ಮ ಬೀದಿ ಹುಡುಗ ನಾಲ್ಕು ತಿಂಗಳು ಮನೇಲಿದ್ದ. ಆ ನಾಲ್ಕು ತಿಂಗಳಲ್ಲಿ ಅವನು ಮಾಡಿದ ಕೆಲಸಗಳೇ ನಾನು ಈಗ ಎಲ್ಲರಿಗೂ ಹೇಳೋದು. ಹೈಕೋರ್ಟ್ ಆದೇಶದ ದೃಢೀಕೃತ ಪ್ರತಿ ತೆಗೆಸಿದ. ವಕೀಲರು ವಾಟ್ಸ್‌ಆ್ಯಪ್ ಮಾಡಿದ ಫೋಟೊ ಸಾಲದು. ಕೆಳ ಕೋರ್ಟಿನ ಕಡತಕ್ಕೆ ಆ ಆದೇಶ ಸೇರಿದೆಯಾ ಅಂತ ನೋಡಿದರೆ, ಅವನ ಅದೃಷ್ಟಕ್ಕೆ ಸೇರಿರಲಿಲ್ಲ, ಇ-ಕೋರ್ಟ್ಸ್‌ನಲ್ಲಿ ಇನ್ನೂ ‘ಬಾಕಿ’ ಅಂತಲೇ ಇತ್ತು. ವಕೀಲರ ಮೂಲಕ ಮೆಮೊ ಹಾಕಿಸಿ ಮುಕ್ತಾಯ ಮಾಡಿಸಿದ. ಠಾಣೆಗೂ ಪ್ರತಿ ಕೊಟ್ಟು, ಸ್ವೀಕೃತಿಗೆ ಸೀಲ್ ಹಾಕಿಸಿಕೊಂಡ. ಆಮೇಲೆ ಸೇವಾ ಸಿಂಧು ಮೂಲಕ ಪೊಲೀಸ್ ವೆರಿಫಿಕೇಷನ್‌ಗೆ ಅರ್ಜಿ ಹಾಕಿದ. ಮುಂದಿನ ಕಂಪನಿಯ ಫಾರ್ಮ್ ಬಂದಾಗ ‘ಹೌದು’ ಒತ್ತಿ, ನಾಲ್ಕೇ ಸಾಲು ವಿವರಣೆ ಬರೆದು, ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಸೇರಿಸಿದ. ಅಣ್ಣ-ಅತ್ತಿಗೆ ಸಂಸಾರದ ಪುರಾಣ ಬರೆಯೋಕೆ ಹೊರಟಿದ್ದ, ನಾನೇ ಬೇಡ ಅಂದೆ. ಕೇಸ್ ನಂಬರ್, ಯಾವ ಕೋರ್ಟು, ಏನಾಯಿತು, ಯಾವ ದಿನ. ಅಷ್ಟು ಸಾಕು. ಅಲ್ಲಿನ ಎಚ್‌ಆರ್ ಒಂದು ಸಲ ಫೋನ್ ಮಾಡಿ, ಐದು ನಿಮಿಷ ಮಾತಾಡಿ, ಮುಂದೆ ಹೋದರು. ಸಂಬಳ ಮೊದಲ ಆಫರಿಗಿಂತ ಕಡಿಮೆ. ಕಳೆದುಹೋದ ಆ ನಾಲ್ಕು ತಿಂಗಳ ಗ್ಯಾಪ್‌ಗೆ ಮುಂದಿನ ಬಿಜಿವಿಯಲ್ಲಿ ಇನ್ನೊಂದು ಕಾರಣ ಹೇಳಬೇಕು.

ನಿಮ್ಮ ಮೇಲೆ ಕೇಸ್ ಇದ್ದಿರಲಿ, ಇಲ್ಲದಿರಲಿ, ಇವತ್ತು ಊಟ ಆದಮೇಲೆ ಹತ್ತು ನಿಮಿಷ ಇ-ಕೋರ್ಟ್ಸ್ ತೆಗೆದು ನಿಮ್ಮ ಹೆಸರು ಹಾಕಿ ನೋಡಿ. ಬೆಂಗಳೂರು ಮಾತ್ರ ಅಲ್ಲ, ಹುಟ್ಟಿದ ಊರಿನ ಜಿಲ್ಲೆ, ಓದಿದ ಊರಿನ ಜಿಲ್ಲೆ ಕೂಡ. ಇನಿಷಿಯಲ್ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ. ಕ್ಯಾಪ್ಚಾ ಎರಡು ಮೂರು ಸಲ ತಪ್ಪು ಅನ್ನುತ್ತೆ, ಬೇಜಾರು ಮಾಡ್ಕೋಬೇಡಿ. ನಿಮ್ಮದೇ ಹೆಸರು, ಅಪ್ಪನದೇ ಹೆಸರು ಇರೋ ಬೇರೊಬ್ಬರ ಕೇಸ್ ಕಂಡರೆ ಅದರ ಸಿಎನ್‌ಆರ್ ನಂಬರ್ ಬರೆದಿಟ್ಟುಕೊಳ್ಳಿ. ನಮ್ಮ ರಾಜ್ಯದ್ದಾದರೆ ‘ಕೆಎ’ಯಿಂದ ಶುರುವಾಗೋ ಹದಿನಾರು ಅಕ್ಷರ-ಅಂಕಿ. ನಾಳೆ ಕೆಂಪು ಬಂದಾಗ ‘ಅದು ನಾನಲ್ಲ’ ಅಂತ ಆ ನಂಬರ್ ಸಮೇತ ಅದೇ ದಿನ ಉತ್ತರ ಕಳಿಸಬಹುದು.